ಹುಲ್ಲಿನ ಅಂಚು, ಬಿಲ್ವದ ಬುಡ

ಅಂಗಳದ ಹುಲ್ಲುಹಾಸಿನ ಅಂಚನ್ನು ಓರಣವಾಗಿ ಕತ್ತರಿಸುವುದು ಹೇಗೆ, ಅದಕ್ಕಾಗಿ ಈಗ ಎಲ್ಲೆಡೆ ಸದ್ದು ಮಾಡುತ್ತಿರುವ ನೈಲಾನ್ ದಾರದ ಯಂತ್ರವನ್ನು ಕೊಳ್ಳಬಹುದೆ ಎಂದು ಕೇಳಿ ದೇವರಾಜ ಮೊಹಲ್ಲಾದ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಲಿಂಗಧಾರಣೆ, ನಾಮಕರಣ, ಗೃಹಪ್ರವೇಶಗಳಿಗೆ ಸಂಬಂಧಿಸಿದವು. ಹುಲ್ಲಿನ ವಿಚಾರವನ್ನು ಪಂಡಿತರಲ್ಲಿ ಕೇಳುವುದೆ ಎಂದು ಓದುಗ ಬಂಧುಗಳು ನಗಬಹುದು. ಆದರೆ ಮಠದಲ್ಲಿ ನಾವು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಬೆಳಗಿನ ಪಾಠಕ್ಕೆ ಮುನ್ನ ಹೂದೋಟದ ಕೆಲಸ ಮುಗಿಸಬೇಕಾಗಿತ್ತು. ಅಮರಕೋಶದ ಶ್ಲೋಕಗಳು ನಮ್ಮ ಬಾಯಿಗೆ ಬಂದದ್ದು ಕುಡುಗೋಲು ಕೈಯಲ್ಲಿದ್ದಾಗಲೇ. ಆದುದರಿಂದ ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ನಮಗೆ ಸ್ವಲ್ಪಮಟ್ಟಿಗೆ ಇದೆಯೆಂದೇ ಭಾವಿಸುತ್ತೇವೆ.

ಸಯ್ಯಾಜಿರಾವ್ ರಸ್ತೆ, ಧನ್ವಂತರಿ ರಸ್ತೆ, ದೇವರಾಜ ಅರಸು ರಸ್ತೆಗಳ ಗದ್ದಲದ ನಡುವೆ ಹುಲ್ಲುಹಾಸಿಗೆ ಸ್ಥಳವಾದರೂ ಎಲ್ಲಿ ಎಂದು ಕೇಳುವವರೂ ಇದ್ದಾರೆ. ಮಾರುಕಟ್ಟೆಯ ಸುತ್ತಮುತ್ತ ಮನೆಗಳು ಅಂಗಡಿಗಳಾಗಿವೆ, ಅಂಗಡಿಗಳು ಮಳಿಗೆಗಳಾಗಿವೆ. ಆದರೂ ಒಳಬೀದಿಗಳಲ್ಲಿ ಹೆಂಚಿನ ಹಳೆಯ ಮನೆಗಳು ಇನ್ನೂ ಉಳಿದಿವೆ. ಅವುಗಳ ಮುಂದೆ ಹಾಸಿಗೆಯಗಲದ ಹುಲ್ಲು, ಒಂದು ಕಣಗಿಲೆ, ಒಂದು ದಾಸವಾಳ, ಪುಣ್ಯವಿದ್ದರೆ ಒಂದು ಬಿಲ್ವ. ಇಪ್ಪತ್ತು ಅಡಿ ಉದ್ದದ ಆ ಹಸುರಿಗೆ ಮನೆಯವರು ತೋರುವ ಮಮತೆ ಅರಮನೆಯ ತೋಟಕ್ಕೂ ದೊರೆಯದು. ದಸರೆ ಹತ್ತಿರವಾದಂತೆ ಊರಿಗೆ ಊರೇ ತನ್ನ ಅಂಗಳವನ್ನು ನೋಡಿಕೊಳ್ಳುತ್ತದೆ. ಕುಪ್ಪಣ್ಣ ಉದ್ಯಾನದ ಫಲಪುಷ್ಪ ಪ್ರದರ್ಶನ ನೋಡಿ ಮನೆಗೆ ಬಂದ ಯಜಮಾನನಿಗೆ ತನ್ನ ಮನೆಯ ಹುಲ್ಲಿನ ಅಂಚು ಕಾಲುದಾರಿಯ ಮೇಲೆ ಹರಿದುಬಂದಿರುವುದು ಅಂದೇ ಕಣ್ಣಿಗೆ ಬೀಳುತ್ತದೆ.

ಹುಲ್ಲುಹಾಸಿನ ಅಂದವೆಲ್ಲ ಅದರ ಅಂಚಿನಲ್ಲಿದೆ ಎಂಬುದು ನಿಜವೇ. ನಡುವೆ ಹುಲ್ಲು ಸ್ವಲ್ಪ ಹೆಚ್ಚು ಕಡಮೆ ಇದ್ದರೂ ನೋಡುವ ಕಣ್ಣು ಕ್ಷಮಿಸುತ್ತದೆ; ಅಂಚು ಕೆದರಿದ್ದರೆ ಇಡೀ ಅಂಗಳವೇ ಬಾಚದ ತಲೆಯಂತೆ ತೋರುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನ ಹೊಣೆಯನ್ನು 1908ರಲ್ಲಿ ವಹಿಸಿಕೊಂಡು ಮುಂದೆ ಬೃಂದಾವನದ ರೂಪರೇಖೆಯಲ್ಲಿಯೂ ಕೈಜೋಡಿಸಿದ ಜರ್ಮನಿಯ ಕ್ರುಂಬಿಗೆಲ್ ಅವರು ಮೈಸೂರು ಸೀಮೆಯ ಕಣ್ಣಿಗೆ ಈ ನೇರ ಗೆರೆಗಳ ತೋಟಗಾರಿಕೆಯನ್ನು ಒಗ್ಗಿಸಿದವರಲ್ಲಿ ಒಬ್ಬರು. ಅಲ್ಲಿ ಕಾಲುವೆ, ಮೆಟ್ಟಿಲು, ಹುಲ್ಲು ಎಲ್ಲವೂ ನೂಲು ಹಿಡಿದಂತೆ ಸಾಗುತ್ತವೆ. ನಮ್ಮ ಅಂಗಳಗಳ ಆಸೆ ಹುಟ್ಟಿದ್ದು ಅಂಥ ಕಡೆಗಳಿಂದಲೇ.

ಆದರೆ ಹುಲ್ಲು ನೂಲಿನ ಮಾತನ್ನು ಕೇಳುವ ಜಾತಿಯದಲ್ಲ. ನಮ್ಮ ಅಂಗಳಗಳಲ್ಲಿ ತಾನಾಗಿ ಬರುವುದು ಗರಿಕೆ. ಅದು ನೆಲದ ಮೇಲೆ ಬಳ್ಳಿಯಂತೆ ಹರಿದು ಗೆಣ್ಣುಗೆಣ್ಣಿನಲ್ಲಿ ಬೇರು ಬಿಡುತ್ತದೆ. ನೆಲದ ಒಳಗೂ ಬೇರಿನಂತಹ ಕಾಂಡಗಳನ್ನು ಓಡಿಸುತ್ತದೆ. ಮೇಲಿನದನ್ನು ಕತ್ತರಿಸಿದರೆ ಕೆಳಗಿನದು ಮುಂದೆ ಹೋಗಿ ತಲೆಯೆತ್ತುತ್ತದೆ. ಈಚೆಗೆ ಸಸ್ಯಕ್ಷೇತ್ರದವರು ಚೌಕಚೌಕವಾಗಿ ಮಾರುವ ಮೆಕ್ಸಿಕನ್ ಹುಲ್ಲು ಅಷ್ಟು ಅವಸರದ್ದಲ್ಲ, ಆದರೆ ಅದಕ್ಕೆ ನೀರು ಹೆಚ್ಚು ಬೇಕು. ಅಂಗಳದಲ್ಲಿರುವುದು ಗರಿಕೆಯಾದರೆ, ಯಾವ ಯಂತ್ರ ತಂದರೂ ವರ್ಷಕ್ಕೊಮ್ಮೆ ಸನಿಕೆಯ ಕೆಲಸ ತಪ್ಪಿದ್ದಲ್ಲ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಇನ್ನು ಯಂತ್ರದ ವಿಚಾರ. ಅಂಗಡಿಗಳಲ್ಲಿ ಇದನ್ನು ಗ್ರಾಸ್ ಟ್ರಿಮ್ಮರ್ ಎಂದೂ, ಪೆಟ್ರೋಲಿನಿಂದ ನಡೆಯುವ ದೊಡ್ಡದನ್ನು ಬ್ರಷ್ ಕಟರ್ ಎಂದೂ ಕರೆಯುತ್ತಾರೆ. ಉದ್ದನೆಯ ಕೊಳವೆಯ ತುದಿಯಲ್ಲಿ ಒಂದು ಬುಗುರಿ. ಬುಗುರಿಯಿಂದ ಹೊರಚಾಚಿದ ನೈಲಾನ್ ದಾರ. ಅದು ರಭಸವಾಗಿ ತಿರುಗುವಾಗ ಬಿರುಸಾಗಿ ನಿಂತು ಹುಲ್ಲನ್ನು ಸವರುತ್ತದೆ. ಹುಲ್ಲು ಕತ್ತರಿಸುವ ಯಂತ್ರಗಳೆಲ್ಲ ಬೇರೆ ಬೇರೆ ಕಸುಬುಗಳಿಂದ ಎರವಲು ಬಂದವು ಎಂಬುದು ಒಂದು ಸ್ವಾರಸ್ಯ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬಾತನು ನೇಯ್ದ ಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರವನ್ನು ನೋಡಿ, ಹುಲ್ಲನ್ನೂ ಹೀಗೆಯೇ ಸವರಬಹುದೆಂದು ತಳ್ಳುಗಾಡಿಯ ಯಂತ್ರವನ್ನು ನಿರ್ಮಿಸಿದನು. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬಾತನು ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ನೋಡುತ್ತಿದ್ದಾಗ ಈ ದಾರದ ಯಂತ್ರದ ಕಲ್ಪನೆ ಹೊಳೆಯಿತು. ಅರಳಿನ ಡಬ್ಬಿಯೊಂದಕ್ಕೆ ಮೀನು ಹಿಡಿಯುವ ದಾರದ ತುಂಡುಗಳನ್ನು ಕಟ್ಟಿ, ಅದನ್ನು ತಿರುಗಿಸಿ ನೋಡಿದನು. ಹುಲ್ಲು ಕತ್ತರಿಸಿತು. ಮರದ ಬುಡದ ಹುಲ್ಲನ್ನು ಸವರುವಾಗ ತೊಗಟೆಗೆ ಅಲಗು ತಾಗಬಾರದು ಎಂಬುದೇ ಅವನ ಮೂಲ ಚಿಂತೆಯಾಗಿತ್ತೆಂದು ಹೇಳುತ್ತಾರೆ. ಓದುಗರು ಈ ಮಾತನ್ನು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ಅಂಚು ತೆಗೆಯುವ ಕ್ರಮವನ್ನು ಹೇಳುತ್ತೇವೆ. ಮೊದಲಿಗೆ ಯಂತ್ರವನ್ನು ಬದಿಗಿಟ್ಟು ಎರಡು ಗೂಟ ಮತ್ತು ಒಂದು ಹಗ್ಗ ತೆಗೆದುಕೊಳ್ಳಬೇಕು. ಎಲ್ಲಿ ಅಂಚು ಇರಬೇಕೋ ಅಲ್ಲಿ ಹಗ್ಗವನ್ನು ಬಿಗಿದು, ಅದರ ಗುಂಟ ರಂಗೋಲಿಪುಡಿಯನ್ನು ಉದುರಿಸಿದರೆ ಗೆರೆ ಮೂಡುತ್ತದೆ. ಹೆಣ್ಣುಮಕ್ಕಳ ಕೈಗೆ ಇದನ್ನು ಕಲಿಸಬೇಕಾಗಿಲ್ಲ. ಬಾಗಿದ ಅಂಚಾದರೆ ಹಗ್ಗದ ಬದಲು ನೀರಿನ ಪೈಪನ್ನು ಬಿಸಿಲಿನಲ್ಲಿ ಮೆದುವಾಗಿಸಿ ಬೇಕಾದ ಬಾಗಿಗೆ ಮಲಗಿಸಬಹುದು. ಗೆರೆಯ ಮೇಲೆ ಚಪ್ಪಟೆ ಸನಿಕೆಯನ್ನು ನೆಟ್ಟಗೆ ನಿಲ್ಲಿಸಿ, ಕಾಲಿನಿಂದ ಒತ್ತಿ, ಎರಡು ಅಂಗುಲ ಆಳಕ್ಕೆ ಸೀಳಬೇಕು. ಹೊರಗುಳಿದ ಹುಲ್ಲನ್ನು ಬೇರುಸಹಿತ ಕಿತ್ತು ತೆಗೆದರೆ ಹುಲ್ಲಿಗೂ ಹಾದಿಗೂ ನಡುವೆ ಸಣ್ಣ ಕಾಲುವೆ ನಿಲ್ಲುತ್ತದೆ. ಮಳೆ ಬಿದ್ದ ಮಾರನೆಯ ದಿನ ನೆಲ ಹದವಾಗಿರುವುದರಿಂದ ಈ ಕೆಲಸಕ್ಕೆ ಅದೇ ಪ್ರಶಸ್ತ. ಈ ಮೊದಲ ಗೆರೆಯನ್ನು ಯಂತ್ರದಿಂದಲೇ ಕೊರೆಯಲು ಹೊರಟವರ ಅಂಗಳದಲ್ಲಿ ಅಂಚು ಹಾವಿನ ಜಾಡಿನಂತಾಗಿರುವುದನ್ನು ನಾವು ಕಂಡಿದ್ದೇವೆ. ಸನಿಕೆ ಹಾಕಿಕೊಟ್ಟ ಗೆರೆಯನ್ನು ಕಾಪಾಡುವುದಷ್ಟೇ ಯಂತ್ರಕ್ಕೆ ಸಾಧ್ಯ.

ಹದಿನೈದು ದಿನಗಳ ಬಳಿಕ ಹುಲ್ಲು ಕಾಲುವೆಯ ಮೇಲೆ ಚಾಚಿಕೊಂಡಾಗ ಯಂತ್ರದ ಸರದಿ. ಸಾಮಾನ್ಯವಾಗಿ ದಾರವು ನೆಲಕ್ಕೆ ಸಮವಾಗಿ, ಬೀಸುಕಲ್ಲಿನಂತೆ, ತಿರುಗುತ್ತದೆ. ಅಂಚು ತೆಗೆಯುವಾಗ ಹಿಡಿಕೆಯನ್ನು ಹೊರಳಿಸಿ ದಾರವು ಗಾಡಿಯ ಚಕ್ರದಂತೆ ನಿಂತು ತಿರುಗುವ ಹಾಗೆ ಮಾಡಬೇಕು. ಕೆಲವು ಯಂತ್ರಗಳಲ್ಲಿ ತಲೆಯನ್ನೇ ತಿರುಗಿಸಿ ನಿಲ್ಲಿಸುವ ಏರ್ಪಾಡು ಇರುತ್ತದೆ. ಕೆಲಸ ಮಾಡುವುದು ದಾರದ ತುದಿ ಮಾತ್ರ. ಆದುದರಿಂದ ಒತ್ತಬಾರದು, ತುದಿಯಷ್ಟೇ ತಾಗುವಂತೆ ನಿಧಾನವಾಗಿ ನಡೆಯಬೇಕು. ಒತ್ತಿದರೆ ದಾರ ಸವೆಯುತ್ತದೆ, ನೆಲ ಅಗೆಯುತ್ತದೆ, ಮಣ್ಣು ಮುಖಕ್ಕೆ ಬರುತ್ತದೆ. ದಾರವು ಯಾವ ದಿಕ್ಕಿಗೆ ತಿರುಗುವುದೆಂದು ಮೊದಲೇ ತಿಳಿದುಕೊಂಡು, ಕತ್ತರಿಸಿದ ಹುಲ್ಲು ತಮ್ಮ ಕಡೆಗೆ ಬಾರದೆ ಆಚೆಗೆ ಹಾರುವಂತೆ ನಿಂತುಕೊಳ್ಳಬೇಕು. ಹಾದಿಗೆ ಕಡಪಕಲ್ಲು ಹಾಸಿದ್ದರೆ ದಾರವು ಕಲ್ಲಿಗೆ ಉಜ್ಜದಂತೆ ಎಚ್ಚರಿಕೆ ಬೇಕು. ಮೊದಲು ಅಂಚು, ಅನಂತರ ನಡುವಣ ಹುಲ್ಲು ಎಂಬ ಕ್ರಮವೇ ನಮಗೆ ಹಿಡಿಸುತ್ತದೆ. ಹಿಂದುಮುಂದಾಗಿ ಮಾಡುವವರೂ ಇದ್ದಾರೆ, ಅದರಿಂದ ಹಾನಿಯೇನೂ ಇಲ್ಲ. ಬೇಸಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆದರೆ ಅಂಚು ಸುಟ್ಟಂತೆ ಕಂದುತ್ತದೆ. ಒಣಗಿದ ನೈಲಾನ್ ದಾರ ಪಟಪಟನೆ ಮುರಿಯುತ್ತದೆ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಯಿಟ್ಟರೆ ಮೆದುವಾಗಿ ಬಾಳುತ್ತದೆ. ಮುರಿದ ತುಂಡುಗಳನ್ನು ಆಯ್ದು ತೆಗೆಯಬೇಕು, ಏಕೆಂದರೆ ಅವು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಕತ್ತರಿಸಿದ ಹುಲ್ಲನ್ನು ಬೀದಿಯ ಹಸುವಿಗೆ ಹಾಕುವವರಂತೂ ಇದನ್ನು ಮರೆಯಲೇಬಾರದು.

ದಾರವೆಂದು ಅದನ್ನು ಹಗುರವಾಗಿ ಎಣಿಸಬಾರದು. ಚಾಚಿದ ದಾರದ ಅಗಲ 40 ಸೆಂಟಿಮೀಟರು ಇದ್ದರೆ ಒಂದು ಸುತ್ತಿನಲ್ಲಿ ಅದರ ತುದಿ ಸುಮಾರು 125 ಸೆಂಟಿಮೀಟರು ಸಾಗುತ್ತದೆ. ನಿಮಿಷಕ್ಕೆ 6,000 ಸುತ್ತಾದರೆ ನಿಮಿಷಕ್ಕೆ ಏಳೂವರೆ ಕಿಲೋಮೀಟರು, ಗಂಟೆಗೆ 450 ಕಿಲೋಮೀಟರು. ಆ ವೇಗದಲ್ಲಿ ಹೊರಟವನು ಮೈಸೂರಿನಿಂದ ಬೆಂಗಳೂರಿಗೆ ಇಪ್ಪತ್ತು ನಿಮಿಷದೊಳಗೆ ಮುಟ್ಟುತ್ತಾನೆ. ಅಷ್ಟು ವೇಗದ ದಾರಕ್ಕೆ ಸಿಕ್ಕ ಜಲ್ಲಿಯ ಚೂರು ಎಲ್ಲಿಗೆ ಹಾರುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಯಾರೂ ಹೇಳಲಾರರು. ಯಂತ್ರ ನಡೆಯುವಾಗ ಮಕ್ಕಳೂ ಮುದುಕರೂ 15 ಮೀಟರಿನೊಳಗೆ ಇರಬಾರದೆಂದು ಯಂತ್ರದ ಜೊತೆಯ ಪುಸ್ತಿಕೆಗಳಲ್ಲಿಯೇ ಬರೆದಿರುತ್ತದೆ. ನಮ್ಮ ಮೊಹಲ್ಲಾದ ಅಂಗಳಗಳೇ 15 ಮೀಟರು ಇಲ್ಲ! ಆದಕಾರಣ ಬೀದಿಬಾಗಿಲನ್ನು ಮುಚ್ಚಿ, ಮಕ್ಕಳನ್ನು ಒಳಗೆ ಕಳುಹಿಸಿ ಕೆಲಸ ಮಾಡಿಸಬೇಕು.

ಇಲ್ಲಿ ಒಂದು ಮಾತನ್ನು ಖಾರವಾಗಿಯೇ ಹೇಳಬೇಕಾಗಿದೆ. ಯಂತ್ರ ಹೊತ್ತು ಮನೆಮನೆಗೆ ಬರುವ ಆಳುಗಳು ಬಹುಮಟ್ಟಿಗೆ ಹವಾಯಿ ಚಪ್ಪಲಿಯಲ್ಲಿ, ಮೊಣಕಾಲಿನ ತನಕದ ಚಡ್ಡಿಯಲ್ಲಿ, ಬರಿಗಣ್ಣಿನಲ್ಲಿ ಕೆಲಸ ಮಾಡುತ್ತಾರೆ. ದಾರದ ಹಿಂದಿರುವ ಕಾಪು ತಟ್ಟೆಯನ್ನು, ಹುಲ್ಲು ಸಿಕ್ಕಿಕೊಳ್ಳುತ್ತದೆಂದು, ಬಿಚ್ಚಿಟ್ಟಿರುತ್ತಾರೆ. ಮನೆಯವರು ಜಗುಲಿಯಲ್ಲಿ ಕುಳಿತು ಅಂಚು ನೆಟ್ಟಗಿದೆಯೆ ಎಂದು ನೋಡುತ್ತಾರೆಯೇ ಹೊರತು ಅವನ ಕಣ್ಣನ್ನು ನೋಡುವುದಿಲ್ಲ. ಕಾಯಕದ ಮಹಿಮೆಯನ್ನು ವೇದಿಕೆಗಳಲ್ಲಿ ನಾವು ಎಷ್ಟೋ ಹೇಳಿಕೊಳ್ಳುತ್ತೇವೆ. ಒಂದು ಜೊತೆ ಕನ್ನಡಕ, ಒಂದು ಜೊತೆ ಮುಚ್ಚಿದ ಬೂಟು, ಕೈಗವಸು ಇವನ್ನು ಮನೆಯಲ್ಲಿಯೇ ಇಟ್ಟುಕೊಂಡು, ಯಾರೇ ಬರಲಿ ತೊಡಿಸಿ ಕೆಲಸ ಮಾಡಿಸಿದರೆ ಯಜಮಾನನಿಗೆ ಹೋಗುವುದು ಒಂದು ಹಬ್ಬದ ಸಿಹಿಯ ಖರ್ಚು. ದಾರದ ಜಾಗದಲ್ಲಿ ಕಬ್ಬಿಣದ ಅಲಗು ಸಿಕ್ಕಿಸಿಕೊಂಡು ಬಂದವನನ್ನಂತೂ ಅಂಚಿನ ಕೆಲಸಕ್ಕೆ ಬಿಡಲೇಬಾರದು. ಅದು ಕಲ್ಲಿಗೆ ತಾಗಿದರೆ ಯಂತ್ರವೇ ಕೈಯಿಂದ ಹಿಂದಕ್ಕೆ ಹಾರುತ್ತದೆ.

ಪತ್ರ ಬರೆದ ತಾಯಿಯವರು ಕೊನೆಯ ಸಾಲಿನಲ್ಲಿ, ಬಿಲ್ವದ ಗಿಡದ ಬುಡವನ್ನೂ ಇದರಿಂದಲೇ ಚೊಕ್ಕಟ ಮಾಡಿಸಬಹುದೆ ಎಂದು ಕೇಳಿದ್ದಾರೆ. ಈ ಒಂದು ಸಾಲಿಗಾಗಿಯೇ ಈ ತಿಂಗಳ ಅಂಕಣವನ್ನು ಹುಲ್ಲಿಗೆ ಬಿಟ್ಟುಕೊಟ್ಟಿದ್ದೇವೆ.

ಇದೇ ಮೊಹಲ್ಲಾದ ಇನ್ನೊಂದು ಮನೆಯ ಸಂಗತಿ. ಹಿರಿಯರು ತಂದು ನೆಟ್ಟ ಬಿಲ್ವ ಆಳೆತ್ತರ ಬೆಳೆದಿತ್ತು. ಆ ಮನೆಯ ಅಜ್ಜಿ ತಮ್ಮ ಇಷ್ಟಲಿಂಗ ಪೂಜೆಗೆ ದೇವರಾಜ ಮಾರುಕಟ್ಟೆಯ ಪತ್ರೆ ತರಿಸುವುದನ್ನು ನಿಲ್ಲಿಸಿ ಅಂಗಳದ ಪತ್ರೆಯನ್ನೇ ಏರಿಸುತ್ತಿದ್ದರು. ಒಂದು ಬೇಸಗೆಯ ಮೊದಲಲ್ಲಿ ಎಲೆ ಉದುರಿತು. ಬಿಲ್ವ ಆ ಕಾಲಕ್ಕೆ ಎಲೆ ಉದುರಿಸುವುದು ಸಹಜವಾದ್ದರಿಂದ ಯಾರೂ ಗಮನಿಸಲಿಲ್ಲ. ಬಂದ ಚಿಗುರು ಬಡಕಲಾಗಿತ್ತು, ಹಳದಿಗಟ್ಟಿತ್ತು. ಮರುವರ್ಷ ಎಲೆ ಉದುರಿದ ಮೇಲೆ ಚಿಗುರೇ ಬರಲಿಲ್ಲ. ಮನೆಗೆ ಹೊಸ ಸೊಸೆ ಬಂದದ್ದು ಆ ಎರಡು ಬೇಸಗೆಗಳ ನಡುವೆ. ಮುಂದಿನದನ್ನು ನಾವು ಹೇಳಬೇಕಾಗಿಲ್ಲ. ನೀರು ಹಿಡಿಯಲು ಬಂದ ನೆರೆಯವರೊಬ್ಬರು ಒಂದು ಮಾತಾಡಿದರು. ನೆಂಟರ ಮನೆಯಲ್ಲಿ ಅದು ಎರಡಾಯಿತು. ಕಾಲ್ಗುಣ ಎಂಬ ಶಬ್ದ ಅಡುಗೆಮನೆಯ ತನಕ ಬಂದು ಆ ಹುಡುಗಿಯ ಕಿವಿಗೂ ಬಿತ್ತು. ಯಜಮಾನರು ಏನಾದರೂ ಶಾಂತಿ ಮಾಡಿಸಬೇಕೆ ಎಂದು ಕೇಳಲು ನಮ್ಮನ್ನು ಕರೆಸಿದರು.

ನಾವು ಹೋಗಿ ಗಿಡದ ಬುಡದಲ್ಲಿ ಕುಳಿತೆವು. ನೆಲದಿಂದ ಮೂರು ಬೆರಳಿನಷ್ಟು ಮೇಲೆ ಕಾಂಡದ ಸುತ್ತ ತೊಗಟೆ ಇರಲಿಲ್ಲ. ಬಳೆ ತೊಡಿಸಿದಂತೆ ಒಂದು ಪಟ್ಟಿ, ಒಣಗಿ ಬೆಳ್ಳಗಾದ ಮರ. ಆ ಪಟ್ಟಿಯ ಮೇಲಣ ತುಟಿ ಊದಿಕೊಂಡಿತ್ತು. ಅಂಗಳದ ಹುಲ್ಲು ಮಾತ್ರ ಚಿತ್ರ ಬರೆದಂತಿತ್ತು. ತಿಂಗಳಿಗೆರಡು ಬಾರಿ ಯಂತ್ರ ತರುತ್ತಿದ್ದ ಆಳನ್ನು ಕರೆಸಿ ಕೇಳಿದೆವು.

“ಬುಡದಾಗೆ ಒಂದು ಎಳೆ ಹುಲ್ಲೂ ಇರಬಾರದು ಅಂತ ಅಮ್ಮಾವ್ರು ಹೇಳಿದ್ರು, ಬುದ್ಧೀ. ಅದ್ಕೇ ಸುತ್ತಾ ಹಿಡೀತಿದ್ದೆ. ದಾರ ತಾನೆ, ಕತ್ತಿ ಅಲ್ವಲ್ಲಾ” ಎಂದನು. ಅವನು ಸುಳ್ಳು ಹೇಳಲಿಲ್ಲ. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದನು.

ಗಿಡದ ಒಳಗಿನ ಸಂಚಾರವನ್ನು ತಿಳಿದರೆ ಇದರ ಅರ್ಥ ಆಗುತ್ತದೆ. ಬೇರು ಹೀರಿದ ನೀರು ಕಾಂಡದ ಒಳಮರದ ಮೂಲಕ ಮೇಲಕ್ಕೆ ಏರುತ್ತದೆ. ಎಲೆ ಬಿಸಿಲಿನಲ್ಲಿ ತಯಾರಿಸಿದ ಆಹಾರ ಕೆಳಕ್ಕೆ ಇಳಿಯುವ ಹಾದಿಯೇ ಬೇರೆ. ಅದು ತೊಗಟೆಗೆ ಅಂಟಿಕೊಂಡ ತೆಳುವಾದ ಒಳಪದರ. ಎಳೆಯ ಗಿಡದಲ್ಲಿ ಆ ಪದರಕ್ಕೂ ಹೊರಗಿನ ಗಾಳಿಗೂ ನಡುವೆ ಇರುವುದು ಉಗುರಿನಷ್ಟು ದಪ್ಪದ ಸಿಪ್ಪೆ. ಒಂದು ಸಲ ದಾರ ತಾಗಿದರೆ ಗೀರು ಬೀಳುತ್ತದೆ, ಮಾಯುತ್ತದೆ. ಹದಿನೈದು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಸುತ್ತಲೂ ತಾಗುತ್ತಿದ್ದರೆ ಮಾಯಲು ಬಿಡುವೇ ಇಲ್ಲ. ಸುತ್ತಿನ ಪದರವೆಲ್ಲ ಹರಿದು ಹೋಗುತ್ತದೆ. ಆಗ ನೀರು ಮೇಲಕ್ಕೆ ಏರುತ್ತಲೇ ಇರುತ್ತದೆ, ಎಲೆ ಹಸುರಾಗಿಯೇ ಇರುತ್ತದೆ, ಮನೆಯವರು ಗಿಡ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಇತ್ತ ಕೆಳಗೆ ಬೇರಿಗೆ ಅನ್ನವಿಲ್ಲ. ಕೂಡಿಟ್ಟುಕೊಂಡದ್ದನ್ನು ತಿಂದುಕೊಂಡು ಅದು ಕೆಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಮೇಲೆ, ತಡೆಯುತ್ತದೆ. ಇಳಿಯಲಾರದ ಆಹಾರ ಗಾಯದ ಮೇಲೆ ತಡೆದು ನಿಲ್ಲುವುದರಿಂದಲೇ ಆ ಊತ. ಹೀಗೆ ಗಾಯ ಆದ ಕಾಲ ಒಂದು, ಗಿಡ ಸಾಯುವ ಕಾಲ ಇನ್ನೊಂದು. ನಡುವಣ ಅವಧಿಯಲ್ಲಿ ಮನೆಗೆ ಯಾರು ಬಂದರೋ ಅವರ ತಲೆಗೆ ಅದು ಕಟ್ಟುತ್ತದೆ.

ಆ ಸೊಸೆಯನ್ನೂ ಅಜ್ಜಿಯನ್ನೂ ಹೊರಗೆ ಕರೆದು, ಬೆರಳಿಟ್ಟು ಆ ಪಟ್ಟಿಯನ್ನು ತೋರಿಸಿದೆವು. ಯಂತ್ರ ಆ ಅಂಗಳಕ್ಕೆ ಮೊದಲು ಬಂದದ್ದು ಮದುವೆಗೆ ಎಂಟು ತಿಂಗಳು ಮುಂಚೆ ಎಂದು ಆಳೇ ಲೆಕ್ಕ ಹೇಳಿದನು. ಶಕುನ, ಮುಹೂರ್ತ, ಕಾಲ್ಗುಣಗಳ ಭಯವನ್ನು 12ನೆಯ ಶತಮಾನದಲ್ಲಿಯೇ ಶರಣರು ಕಿತ್ತೊಗೆದ ಪರಂಪರೆ ನಮ್ಮದು. ಕೊರಳಲ್ಲಿ ಲಿಂಗ ಧರಿಸಿದವರ ಮನೆಯಲ್ಲಿ ಈ ಮಾತು ಹೇಗೆ ಹುಟ್ಟಿತು ಎಂದು ಯಜಮಾನರನ್ನು ಕೇಳಿದೆವು. ಅವರು ತಲೆ ತಗ್ಗಿಸಿದರು. ಅಜ್ಜಿ ಮಾತ್ರ ಎದ್ದು ಹೋಗಿ ಸೊಸೆಗೆ ಒಂದು ಲೋಟ ಹಾಲು ತಂದು ಕೊಟ್ಟರು, ಏನನ್ನೂ ಹೇಳಲಿಲ್ಲ.

ಆದುದರಿಂದ ಗಿಡದ ಬುಡಕ್ಕೆ ಯಂತ್ರ ಬೇಡ. ಮರದ ತೊಗಟೆಯನ್ನು ಉಳಿಸಲೆಂದು ಹುಟ್ಟಿದ ಯಂತ್ರವೇ ತೊಗಟೆಗೆ ಶತ್ರುವಾಗಿದೆ ಎಂಬುದು ವಿಚಿತ್ರವಾದರೂ ನಿಜ. ಹುಲ್ಲುಹಾಸಿಗೆ ಹಾದಿಯ ಕಡೆ ಒಂದು ಅಂಚು ಇರುವಂತೆ ಗಿಡದ ಕಡೆಯೂ ಒಂದು ಅಂಚು ಇರಬೇಕು. ಎಳೆಯ ಗಿಡದ ಸುತ್ತ ಒಂದೂವರೆ ಅಡಿಯಷ್ಟು ದೂರಕ್ಕೆ ಗುಂಡಾಗಿ ಹುಲ್ಲನ್ನು ಕಿತ್ತುಹಾಕಿ ಬರಿಯ ಮಣ್ಣನ್ನು ಬಿಡಬೇಕು. ಆ ಮಣ್ಣಿನ ಮೇಲೆ ಎರಡು ಅಂಗುಲ ಒಣಗಿದ ಎಲೆ ಹೊದಿಸಿದರೆ ಹುಲ್ಲು ಬಾರದು, ತೇವ ಆರದು. ಎಲೆಯನ್ನು ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಬಾರದು, ತೊಗಟೆ ಕೊಳೆಯುತ್ತದೆ; ನಾಲ್ಕು ಬೆರಳು ಬಿಟ್ಟಿರಬೇಕು. ಯಂತ್ರದವನು ಈ ವೃತ್ತದ ಹೊರ ಅಂಚನ್ನು ತೆಗೆಯಲಿ. ಒಳಗೆ ಹುಟ್ಟಿದ ಒಂದೆರಡು ಗರಿಕೆಯನ್ನು ಪತ್ರೆ ಕೊಯ್ಯಲು ಹೋದವರು ಬೆರಳಿನಿಂದಲೇ ಕೀಳಬಹುದು.

ಗಾಯ ಈಗಾಗಲೇ ಆಗಿದ್ದರೆ ನೋಡಬೇಕಾದ್ದು ಅದು ಎಷ್ಟು ಸುತ್ತಿದೆ ಎಂಬುದನ್ನು. ಅರ್ಧ ಸುತ್ತಿಗಿಂತ ಕಡಮೆಯಿದ್ದರೆ ಗಿಡ ಬದುಕುವ ಆಸೆಯಿದೆ. ಸಡಿಲವಾದ ಸಿಪ್ಪೆಯನ್ನು ಹರಿತವಾದ ಚಾಕುವಿನಿಂದ ಹಿತವಾಗಿ ತೆಗೆದು, ಬೇಸಗೆಯಲ್ಲಿ ನೀರು ತಪ್ಪದಂತೆ ನೋಡಿಕೊಳ್ಳಬೇಕು. ಬೋರ್ಡೋ ಮುಲಾಮು ಹಚ್ಚುವುದು ನಮ್ಮ ತೋಟಗಾರರ ವಾಡಿಕೆ. ಸೆಗಣಿ, ಡಾಂಬರು ಮೆತ್ತುವುದು ಬೇಡ. ತೆಂಗಿನ ಕಥೆ ಬೇರೆ. ಅದರ ಆಹಾರನಾಳಗಳು ಕಾಂಡದ ಒಳಗೆಲ್ಲ ಹರಡಿರುವುದರಿಂದ ಸುತ್ತಿನ ಗೀರಿಗೆ ಅದು ಸಾಯುವುದಿಲ್ಲ. ಆದರೆ ಅದಕ್ಕೆ ಆದ ಗಾಯ ಎಂದಿಗೂ ಮುಚ್ಚುವುದಿಲ್ಲ, ಆ ವಾಸನೆಗೆ ಕೆಂಪುಮೂತಿ ಹುಳು ಬರುತ್ತದೆ.

ಪತ್ರ ಬರೆದ ತಾಯಿಯವರಿಗೆ ನಮ್ಮ ಸಲಹೆ ಇಷ್ಟು. ಇಪ್ಪತ್ತು ಅಡಿ ಅಂಗಳಕ್ಕೆ ಪೆಟ್ರೋಲಿನ ಯಂತ್ರ ಬೇಡ. ಕೊಳ್ಳಲೇಬೇಕೆಂದಿದ್ದರೆ ವಿದ್ಯುತ್ತಿನ ಸಣ್ಣದು ಸಾಕು. ಒದ್ದೆ ಹುಲ್ಲಿನ ಮೇಲೆ ಅದರ ವೈರನ್ನು ಎಳೆದಾಡಬಾರದು. ನಾಲ್ಕು ಮನೆಯವರು ಸೇರಿ ಒಂದನ್ನು ಇಟ್ಟುಕೊಂಡರೆ ಇನ್ನೂ ಉತ್ತಮ. ಬಿಲ್ವದ ಸುತ್ತಿನ ವೃತ್ತವನ್ನು ಯಂತ್ರ ಮನೆಗೆ ಬರುವ ಮುನ್ನವೇ ಮಾಡಿಟ್ಟುಕೊಳ್ಳಲಿ.

ಆ ಇನ್ನೊಂದು ಮನೆಯ ಬಿಲ್ವದ ಕಾಂಡವನ್ನು ಕಡಿಸಬೇಕಾಯಿತು. ಆದರೆ ಬಿಲ್ವಕ್ಕೆ ಬೇರಿನಿಂದ ಮರಿ ಏಳುವ ಗುಣವುಂಟು. ಬೇರು ಪೂರ್ತಿ ಸತ್ತಿರಲಿಲ್ಲವಾಗಿ ಮುಂದಿನ ಮಳೆಗಾಲದಲ್ಲಿ ಒಂದು ಗೇಣು ಆಚೆ ಎರಡು ಚಿಗುರು ಎದ್ದವು. ಕಸಿ ಮಾಡಿದ ಗಿಡವಾಗಿದ್ದರೆ ಅಂಥ ಚಿಗುರಿನ ಹಣ್ಣು ಬೇರೆಯಾಗುತ್ತದೆ, ಪತ್ರೆಗೆ ಅದರಿಂದ ಏನೂ ಭೇದವಿಲ್ಲ ಎಂದು ಹೇಳಿದೆವು. ಬಲವಾದ ಒಂದನ್ನು ಉಳಿಸಿಕೊಂಡಿದ್ದಾರೆ. ಈಗ ಅದು ಮೊಣಕಾಲಿನ ಎತ್ತರವಿದೆ. ಸೊಸೆ ಸುತ್ತಲೂ ಇಟ್ಟಿಗೆಯ ವೃತ್ತ ಕಟ್ಟಿಸಿದ್ದಾಳೆ. ಯಂತ್ರದವನು ಕನ್ನಡಕ ಹಾಕಿಕೊಂಡು ಇಟ್ಟಿಗೆಯ ಹೊರಗೇ ನಿಲ್ಲುತ್ತಾನೆ.